ಕನ್ನಡಕದಕ್ಕ

ಐವತ್ತು ದಾಟುವವರೆಗೆ ಬೀದಿಯವರಿಗೆಲ್ಲ ಅವಳು ಗಡಿಯಾರದವರ ಮನೆಯವಳು, ಅಷ್ಟೇ. ಅದಕ್ಕಿಂತ ಬೇರೆ ಹೆಸರು ಬೇಕೆಂದು ಅವಳಿಗೂ ಅನಿಸಿರಲಿಲ್ಲ. ಆಮೇಲೆ ಜನ ಗಡಿಯಾರ ರಿಪೇರಿ ಮಾಡಿಸುವುದನ್ನೇ ಬಿಟ್ಟರು. ಗಂಡ ಅಂಗಡಿ ಮುಚ್ಚಿ, ಮೇಜು, ಚಿಮಟ, ಬ್ರಷ್ಷು, ಕೆಟ್ಟ ಗಡಿಯಾರಗಳ ಚಕ್ರ ತುಂಬಿದ ಡಬ್ಬಿಗಳ ಸಮೇತ ಮನೆಗೆ ಬಂದು ಕೂತ. ಬೆಳಕು ಚೆನ್ನಾಗಿ ಬೀಳುವ ಒಂದೇ ಕಿಟಕಿ ಅವನ ಪಾಲಾಯಿತು. ಕೆಲಸ ಮಾತ್ರ ಇರಲಿಲ್ಲ.

ಕೆಲಸ ಸಿಕ್ಕಿದ್ದು ಅವಳಿಗೆ. ನಾಟಕದ ಉಡುಪುಗಳನ್ನು ಬಾಡಿಗೆಗೆ ಕೊಡುವ ಅಂಗಡಿಯವನು ಹರಿದ ಬಟ್ಟೆಗಳನ್ನು ಹೊಲಿಯಲು ಅವಳಿಗೆ ಕೊಡುತ್ತಿದ್ದ. ಒಮ್ಮೆ ಫೋನಿನಲ್ಲಿ ಒಂದು ಚಿತ್ರ ತೋರಿಸಿದ.

"ಅಕ್ಕಾ, ಇದಕ್ಕೆ ಸ್ಟೀಮ್‌ಪಂಕ್ ಅಂತಾರೆ. ವಿಮಾನ ಕೂಡ ಹಬೆಯಲ್ಲೇ ಓಡ್ತಿದ್ದ ಕಾಲದ ವೇಷ."

"ಅಂಥ ಕಾಲ ಯಾವಾಗಿತ್ತಪ್ಪ?"

"ಯಾವಾಗ್ಲೂ ಇರ್ಲಿಲ್ಲ. ಅದಕ್ಕೇ ಬಾಡಿಗೆ ಜಾಸ್ತಿ! ಈ ಕನ್ನಡಕ ಮಾಡಿಕೊಡ್ತೀರಾ?"

ಮಾಡಿದಳು. ನೀರಿನ ಪ್ಲಾಸ್ಟಿಕ್ ಪೈಪನ್ನು ಬಳೆಗಳಂತೆ ಕೊಯ್ದು, ಅಂಚು ಉಜ್ಜಿ, ಹಳೆಯ ಕೈಚೀಲದ ಚರ್ಮವನ್ನು ಕಣ್ಣಿಗೆ ತಾಗುವ ಅಂಚಿಗೆ ಹೊಲಿದಳು. ಪೈಪಿಗೆ ತಾಮ್ರದ ಬಣ್ಣ ಬಳಿದು, ಅದರ ಮೇಲೆ ಗಂಡನ ಡಬ್ಬಿಯ ಚಕ್ರಗಳನ್ನು ಅಂಟಿಸಿದಳು. ಅವಳ ಕೈಚಳಕವೆಲ್ಲ ಕೊನೆಯ ಹಂತದಲ್ಲಿತ್ತು. ತೆಳುವಾದ ಕಪ್ಪು ಬಣ್ಣ ಹಚ್ಚಿ, ಒಣಗುವ ಮೊದಲೇ ಬಟ್ಟೆಯಿಂದ ಒತ್ತಿ ತೆಗೆಯುತ್ತಿದ್ದಳು. ಅದು ಸಂದುಗಳಲ್ಲಿ ಮಾತ್ರ ಉಳಿಯಬೇಕು. ಬೆಳಿಗ್ಗೆ ಕೊಯ್ದ ಪೈಪು ಸಂಜೆಯ ಹೊತ್ತಿಗೆ ಮುತ್ತಾತನ ಕಾಲದ ತಾಮ್ರವಾಗುತ್ತಿತ್ತು. ಅಂಗಡಿಯಲ್ಲಿ ಅವಳನ್ನು ಕನ್ನಡಕದಕ್ಕ ಎಂದು ಕರೆಯತೊಡಗಿದರು. ಅದನ್ನು ಅವಳು ಮನೆಗೆ ಬಂದು ಹೇಳಿದಳು. ಹೇಳಬಾರದಿತ್ತು.

"ಈ ಚಕ್ರ ತಿರುಗುತ್ತಾ?" ಎಂದು ಗಂಡ ಕೇಳಿದ.

"ಅಂಟಿಸಿದ್ದು ಹೇಗೆ ತಿರುಗುತ್ತೆ ರೀ?"

"ಒಂದರ ಹಲ್ಲಿಗೆ ಇನ್ನೊಂದರ ಹಲ್ಲೇ ಕೂತಿಲ್ಲ."

"ಅದೇನು ಟೈಮ್ ತೋರಿಸ್ಬೇಕಾ? ಹಣೆ ಮೇಲೆ ಏರಿಸ್ಕೊಂಡು ಫೋಟೋ ತೆಗೆಸ್ಕೋತಾರೆ."

"ಓಹೋ, ಕಣ್ಣಿಗೂ ಹಾಕಲ್ವಾ! ಹಾಗಾದ್ರೆ ನಾನು ಇಷ್ಟು ವರ್ಷ ಕತ್ತೆ ಕಾದೆ ಅನ್ನು."

"ನಾನೆಲ್ಲಿ ಅಂದೆ? ನೀವೇ ಅಂದ್ಕೊಂಡ್ರಿ."

ಅಷ್ಟರಲ್ಲಿ ಒಂದು ನಾಟಕ ತಂಡ ತನ್ನ ನಟರಿಗೆಲ್ಲ ಇಂಥ ಕನ್ನಡಕ ಬೇಕೆಂದು ಬಂತು. ಇದು ಅವರಿಗೆ ಒಪ್ಪಿಗೆಯಾದರೆ ಹೊಲಿಗೆ ಬಿಟ್ಟು ಇದನ್ನೇ ಮಾಡಿ, ಅಂಗಡಿಯ ಮಹಡಿ ಮೇಲಿನ ಕೋಣೆ ಕೊಡುತ್ತೇನೆ ಎಂದ ಅಂಗಡಿಯವನು. ಬಾಗಿಲು ಹಾಕಿಕೊಂಡು ತನ್ನ ಕೆಲಸ ತಾನು ಮಾಡಬಹುದಾದ ಒಂದು ಕೋಣೆ. ಅವಳಿಗೆ ಬೇಕಿದ್ದದ್ದು ಅಷ್ಟೇ.

ಕೊಡಬೇಕಾದ ದಿನದ ಮುನ್ನಾದಿನ ಎಲ್ಲವನ್ನೂ ಒಣಗಲು ಇಟ್ಟು, ಹುಷಾರಿಲ್ಲದ ತಂಗಿಯನ್ನು ನೋಡಲು ಹೋದಳು. ಹಿಂತಿರುಗಿದಾಗ ಮನೆಯಲ್ಲಿ, ಗಂಡ ಹಿಂದೆ ಗಡಿಯಾರ ತೊಳೆಯುತ್ತಿದ್ದ ಪೆಟ್ರೋಲಿನ ವಾಸನೆ. ಮೇಜಿನ ಮೇಲೆ ಚಕ್ರಗಳು ಚಿನ್ನದ ಹಾಗೆ ಹೊಳೆಯುತ್ತಿದ್ದವು. ಸುತ್ತಲಿನ ತಾಮ್ರ ಕಿತ್ತುಬಂದು, ಬಿಳಿ ಪೈಪು ಹಲ್ಲು ಕಿಸಿಯುತ್ತಿತ್ತು.

"ತುಂಬಾ ಕೊಳೆಯಾಗಿತ್ತು, ತೊಳೆದಿಟ್ಟೆ," ಎಂದ ಗಂಡ.

"ಕೊಳೆನಾ? ನಿಮ್ಮ ಕಣ್ಣೆದುರಿಗೇ ಅಲ್ವಾ ನಾನು ಅದನ್ನ ಹಚ್ಚಿದ್ದು?"

ಅವನು ಬ್ರಷ್ಷನ್ನು ಒರೆಸಿ ಕೆಳಗಿಟ್ಟ. "ನನ್ನ ಚಕ್ರಗಳಿಗೆ ಮಸಿ ಬಳಿ ಅಂತ ನಿನಗೆ ಯಾರು ಹೇಳಿದ್ರು?"

ಇದು ತಿಳಿಯದೆ ಮಾಡಿದ್ದಲ್ಲ ಎಂದು ಅವಳಿಗೆ ಆಗ ತಿಳಿಯಿತು. ಮತ್ತೆ ಬಣ್ಣ ಬಳಿದು ಒಣಗಿಸುವಷ್ಟು ಹೊತ್ತೂ ಇರಲಿಲ್ಲ.

ಮರುದಿನ ಅಂಗಡಿಯವನು ಒಂದು ಕನ್ನಡಕವನ್ನು ತಿರುಗಿಸಿ ನೋಡಿದ. "ಅಕ್ಕಾ, ಇದೇನು, ಪೈಪು ಕಾಣ್ತಿದೆ?"

"ಬಣ್ಣ ಕೈಕೊಡ್ತಪ್ಪ," ಎಂದಳು.

ಗಂಡನ ಮರ್ಯಾದೆ ಉಳಿಸಿದಳೆಂದು ಇದನ್ನು ಹೊಗಳುವವರಿದ್ದಾರೆ. ನಾನು ಹೊಗಳಲಾರೆ. ನಿಜ ಹೇಳಿದ್ದರೆ ಅಂಗಡಿಯವನು ನಾಟಕದವರ ಕೈಕಾಲು ಹಿಡಿದಾದರೂ ಇನ್ನೆರಡು ದಿನ ಕೇಳಿ ತರುತ್ತಿದ್ದ. ಆದರೆ ನಿಲ್ಲದ ಬಣ್ಣ ಬಳಿಯುವವಳಿಗೆ ಯಾರು ಕೋಣೆ ಕೊಡುತ್ತಾರೆ? ಕೆಲಸ ಬೇರೆ ಯಾರಿಗೋ ಹೋಯಿತು. ಅವಳ ಪಾಲಿಗೆ ಹರಿದ ಬಟ್ಟೆಗಳೇ ಉಳಿದವು.

ಈಗ ಮನೆಗೆ ಯಾರಾದರೂ ಬಂದರೆ ಗಂಡ ತಾನಾಗಿಯೇ ಆ ಮಾತು ತೆಗೆಯುತ್ತಾನೆ: "ಪಾಪ, ಏನೋ ಕನ್ನಡಕ ಅಂತ ಹೊರಟಿದ್ಲು. ಬಣ್ಣದ ಕೆಲಸ ಅವಳ ಕೈಗೆ ಹತ್ತಲಿಲ್ಲ."

ಅವಳು ಹೊಲಿಗೆಯಿಂದ ತಲೆ ಎತ್ತುವುದಿಲ್ಲ. ಬಣ್ಣ ಕೈಕೊಟ್ಟಿತೆಂದು ಅಂಗಡಿಯಲ್ಲಿ ಹೇಳಿದವಳು ಅವಳೇ.