ಕೆಂಡವಿಲ್ಲದ ಬಿಸಿನೀರು

ಹೊಸದುರ್ಗದ ಪೇಟೆಬೀದಿಯಲ್ಲಿ ಜವಳಿ ಅಂಗಡಿ ಇಟ್ಟಿದ್ದ ಮರುಳಸಿದ್ದಪ್ಪನವರಿಗೆ ಸಕ್ಕರೆ ಕಾಯಿಲೆ ಇರಲಿಲ್ಲ, ಸಾಲದ ಕಾಯಿಲೆಯೂ ಇರಲಿಲ್ಲ. ಇದ್ದದ್ದು ಬೀಗರ ಮನೆಯ ಕಾಯಿಲೆ. ಒಬ್ಬಳೇ ಮಗಳು ಹಾಲಮ್ಮನನ್ನು ಚಿತ್ರದುರ್ಗದ ವಕೀಲರ ಮನೆಗೆ ಕೊಟ್ಟ ಮೇಲೆ ಅದು ಅಂಟಿಕೊಂಡಿತು. ಅಲ್ಲಿ ರೇಡಿಯೋ ಕಂಡರೆ ಇಲ್ಲಿಗೂ ರೇಡಿಯೋ ಬರಬೇಕು. ಅಲ್ಲಿ ಸೀಮೆಎಣ್ಣೆ ಸ್ಟೌವ್ ಕಂಡರೆ ವಾರದೊಳಗೆ ಇಲ್ಲಿನ ಅಡುಗೆಮನೆಯ ಸೌದೆ ಒಲೆ ಮಾಯ. ಒಮ್ಮೆ ಬೀಗರು ಊಟಕ್ಕೆ ಮುಂಚೆ ಜೀರಿಗೆ ಮಜ್ಜಿಗೆ ಕುಡಿದದ್ದನ್ನು ನೋಡಿಕೊಂಡು ಬಂದು ಮಳೆಗಾಲವೆಲ್ಲ ಹಾಗೇ ಕುಡಿದರು. ಬೀಗರಿಗೆ ಅವತ್ತು ಹೊಟ್ಟೆ ಕೆಟ್ಟಿತ್ತೆಂದು ತಿಳಿದದ್ದು ಆಮೇಲೆ.

ಇಂಥವರು ಒಂದು ದಿನ ಬೀಗರ ಬಚ್ಚಲಿನಲ್ಲಿ, ಗೋಡೆಗೆ ಕೂರಿಸಿದ್ದ ಕರೆಂಟಿನ ಬಾಯ್ಲರನ್ನು ನೋಡಿಬಿಟ್ಟರು. ಹೊಗೆಯಿಲ್ಲ, ಬೂದಿಯಿಲ್ಲ, ಊದುಗೊಳವೆ ಹಿಡಿದು ಕಣ್ಣು ಕೆಂಪು ಮಾಡಿಕೊಳ್ಳುವ ಹೆಂಡತಿಯಿಲ್ಲ. ನಲ್ಲಿ ತಿರುವಿದರೆ ಬಿಸಿನೀರು. ಎಷ್ಟು ಹೊತ್ತಾದರೂ ಮಾವ ಈಚೆ ಬಾರದ್ದನ್ನು ಕಂಡು ಅಳಿಯ ಬಾಗಿಲು ಬಡಿದು, "ಮಾವಾರೆ, ಹುಷಾರಾಗಿದೀರಾ?" ಎಂದು ಕೇಳಬೇಕಾಯಿತು. ಹುಷಾರಾಗಿರಲಿಲ್ಲ. ಅವರ ಮನಸ್ಸು ಆ ನಲ್ಲಿಯ ಬುಡದಲ್ಲೇ ಕೂತುಬಿಟ್ಟಿತ್ತು.

ಅವರ ಮನೆಯಲ್ಲಿದ್ದದ್ದು ಅಜ್ಜನ ಕಾಲದ ತಾಮ್ರದ ಹಂಡೆ. ಮಣ್ಣಿನ ಒಲೆಯ ಮೇಲೆ ಕುತ್ತಿಗೆವರೆಗೆ ಹೂತು ಕೂರಿಸಿದ್ದು. ತೋಟದಿಂದ ಬರುವ ತೆಂಗಿನ ಗರಿ, ಮಟ್ಟೆ, ಕರಟ ಅದರ ಮೇವು. ಬೆಳಗ್ಗೆ ಹಾಕಿದ ಬೆಂಕಿ ಸಂಜೆಯಾದರೂ ಬೂದಿಯೊಳಗೆ ಕೆಂಡವಾಗಿ ಉಸಿರಾಡುತ್ತಿತ್ತು. ಹಂಡೆಯ ತಳದಲ್ಲಿ ಒಂದು ಸಣ್ಣ ತೂತು ಬಿದ್ದು ನೀರು ಜಿನುಗತೊಡಗಿದಾಗ ಕೊಟ್ರಮ್ಮ ಗಂಡನಿಗೆ, "ಒಂದು ಬೆಸುಗೆ ಹಾಕಿಸ್ರಿ, ಸರಿಹೋಗ್ತತೆ," ಎಂದಳು. ಮರುಳಸಿದ್ದಪ್ಪನವರ ಮುಖ ಅರಳಿತು. ತೂತು ಬೀಳಲೆಂದೇ ಅವರು ಕಾದಿದ್ದರು.

ಆ ಹೊತ್ತಿಗೆ ಹಾಲಮ್ಮ ಮೊದಲ ಮಗನನ್ನು ಕರೆದುಕೊಂಡು ಎರಡನೇ ಹೆರಿಗೆಗೆ ತವರಿಗೆ ಬಂದಿದ್ದಳು. ಚೊಚ್ಚಲು ತವರಿನಲ್ಲಾಗುವುದು ಸರಿ. ಎರಡನೆಯದಕ್ಕೂ ಬೀಗಿತಿಯೇ ಮುಂದಾಗಿ, "ಹೊಸದುರ್ಗಕ್ಕೇ ಹೋಗವ್ವ," ಎಂದು ಕಳಿಸಿದ್ದರು. ಅದನ್ನು ಮರುಳಸಿದ್ದಪ್ಪನವರು ತಮ್ಮ ಅಂತಸ್ತಿಗೆ ಸಂದ ಗೌರವವೆಂದು ಪೇಟೆಯಲ್ಲೆಲ್ಲ ಹೇಳಿಕೊಂಡು ಬಂದರು. ಬೀಗಿತಿ ಮಗು ನೋಡಲು ಬರುವುದರೊಳಗೆ ಬಾಯ್ಲರು ಗೋಡೆ ಏರಿರಬೇಕು. ಬಂದವರು ಬಚ್ಚಲಿಗೆ ಹೋಗಿ, "ನಮ್ಮ ಮನೆ ಥರಾನೇ ಮಾಡಿದೀರಿ," ಎನ್ನಬೇಕು. ಆ ಒಂದು ಮಾತಿಗಾಗಿ ಅವರು ಹಂಡೆ ಕೀಳಿಸಿದರು.

ಒಲೆ ಒಡೆಯಲು ಬಂದ ಗಾರೆ ಕೆಲಸದ ಎತ್ತಪ್ಪ ಹಾರೆ ಹಿಡಿದು ನಿಂತೇ ಇದ್ದ. "ಒಲೆ ಇರ್ಲಿ ಬುಡ್ರಿ ಸಾವ್ಕಾರ್ರೆ. ಅದೇನು ಅನ್ನ ಕೇಳ್ತತಾ?"

"ಬಾಯ್ಲರ್ ಇರೋ ಬಚ್ಚಲಾಗೆ ಒಲೆ ಇಟ್ಕಂಡ್ರೆ ನೋಡಿದೋರು ನಗ್ತಾರೆ ಕಣಲೇ. ಒಡಿ."

ಎತ್ತಪ್ಪ ಒಡೆದ. ಹಂಡೆ ಚಿತ್ರದುರ್ಗದ ಅಂಗಡಿಗೆ ಹೋಗಿ ಬಾಯ್ಲರಿನ ಬೆಲೆಯಲ್ಲಿ ವಜಾ ಆಯಿತು. ಆ ಬೆಲೆ ಎಷ್ಟೆಂಬುದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಕೇಳಿದ ಹೆಂಡತಿಗೆ ಅವರು ಅರ್ಧ ಹೇಳಿದರು, ಪೇಟೆಯವರಿಗೆ ಎರಡರಷ್ಟು ಹೇಳಿದರು.

ಹಾಲಮ್ಮನಿಗೆ ಹೆಣ್ಣುಮಗು ಹುಟ್ಟಿತು. ಮರುಳಸಿದ್ದಪ್ಪನವರು ಅದನ್ನು ನೋಡಿದ್ದೇ ಬಾಯ್ಲರನ್ನು ಮರೆತರು. ಗಿರಾಕಿ ಇದ್ದರೂ ಅಂಗಡಿ ಬಾಗಿಲೆಳೆದು ಮನೆಗೆ ಬಂದು ತೊಟ್ಟಿಲ ಪಕ್ಕ ಕೂರುತ್ತಿದ್ದರು. ಮಗು ಅವರ ಹೆಬ್ಬೆರಳು ಹಿಡಿದರೆ ಊಟಕ್ಕೂ ಏಳುತ್ತಿರಲಿಲ್ಲ. ಬೋರಲು ಬೀಳುವವರೆಗೆ, ಸಾಧ್ಯವಾದರೆ ಅಂಬೆಗಾಲಿಡುವವರೆಗೆ ಕೂಸು ತಮ್ಮ ಮನೆಯಲ್ಲೇ ಇರಬೇಕೆಂಬುದು ಅವರ ಆಸೆ. ಬೀಗರ ಮನೆಯನ್ನು ನೋಡಿ ಕಲಿಯದ ಆಸೆ ಅವರಿಗೆ ಇದೊಂದೇ ಇತ್ತು.

ಆದರೆ ಬಾಣಂತಿಯ ಸ್ನಾನವೆಂದರೆ ವಕೀಲರು ಕೋರ್ಟಿಗೆ ಹೊರಡುವ ಮುಂಚೆ ಮೀಯುವ ಸ್ನಾನವಲ್ಲ. ಎಣ್ಣೆ ಅರಿಸಿನ ಹಚ್ಚಿ, ಕುದಿಯುವ ನೀರನ್ನು ಬೆನ್ನಿಗೆ ಸೊಂಟಕ್ಕೆ ಎರಚಿ ಎರಚಿ ಹಂಡೆ ಬರಿದಾಗಬೇಕು. ಬಾಯ್ಲರು ಎರಡು ಬಕೀಟು ಕೊಟ್ಟು, ಆಮೇಲೆ ತಣ್ಣೀರು ಬಿಡುತ್ತಿತ್ತು. ಮತ್ತೆ ಕಾಯುವವರೆಗೆ ಹಾಲಮ್ಮ ಕಂಬಳಿ ಹೊದ್ದು ಮಣೆಯ ಮೇಲೆ ನಡುಗುತ್ತ ಕೂರಬೇಕು. ಸ್ನಾನವಾದ ಮೇಲೂ ಕೆಲಸ ಮುಗಿಯಲಿಲ್ಲ. ಕೆಂಡದ ಮೇಲೆ ಸಾಂಬ್ರಾಣಿ, ಬೆಳ್ಳುಳ್ಳಿ ಸಿಪ್ಪೆ ಹಾಕಿ ಬಾಣಂತಿಯ ಕೂದಲಿಗೂ ಕೂಸಿಗೂ ಹೊಗೆ ಕೊಡಬೇಕು, ಮಂಚದ ಕೆಳಗೆ ಕೆಂಡದ ಬಟ್ಟಲು ಇಡಬೇಕು. ಕೆಂಡ ಎಲ್ಲಿಂದ ಬರಬೇಕು? ಅಡುಗೆಮನೆಯಲ್ಲಿ ಸ್ಟೌವ್, ಬಚ್ಚಲಲ್ಲಿ ಬಾಯ್ಲರು. ಅಷ್ಟು ದೊಡ್ಡ ಮನೆಯಲ್ಲಿ ಒಂದು ಚೂರು ಕೆಂಡವಿಲ್ಲ.

"ಹಿತ್ತಲಾಗೆ ಮೂರು ಕಲ್ಲು ಇಟ್ಟು ಬೆಂಕಿ ಹಾಕ್ತೀನ್ರೀ," ಎಂದಳು ಕೊಟ್ರಮ್ಮ.

"ಬಾಯ್ಲರ್ ತಂದ ಮನೆ ಹಿತ್ತಲಾಗೆ ಮೂರು ಕಲ್ಲಾ? ಬ್ಯಾಡ. ಮರ್ಯಾದೆ ಪ್ರಶ್ನೆ."

ಮರ್ಯಾದೆ ಉಳಿಯಲೆಂದು ಕೊಟ್ರಮ್ಮ ದಿನವೂ ಸೆರಗು ಮರೆಮಾಡಿಕೊಂಡು ಪಕ್ಕದ ಮನೆಯ ಹನುಮಮ್ಮನ ಬಳಿಗೆ ಕೆಂಡ ಕೇಳಲು ಹೋದಳು. ಹನುಮಮ್ಮ ಪಾಪ, ಇಲ್ಲವೆನ್ನದೆ ಕೊಟ್ಟಳು. ಆದರೆ ಮಂಗಳವಾರ, ಶುಕ್ರವಾರ ಮನೆಯ ಬೆಂಕಿಯನ್ನು ಹೊಸ್ತಿಲು ದಾಟಿಸುವ ಪದ್ಧತಿ ಆ ಬೀದಿಯಲ್ಲಿ ಯಾರಿಗೂ ಇರಲಿಲ್ಲ. ಆ ದಿನಗಳಲ್ಲಿ ಧೂಪ ತಪ್ಪಿತು. ಕೂಸಿಗೆ ಮೂಗು ಕಟ್ಟಿತು, ಹಾಲಮ್ಮನಿಗೆ ಸೊಂಟ ಹಿಡಿಯಿತು.

ಬೀಗಿತಿ ಒಳ್ಳೆಯ ದಿನವೆಂದು ಶುಕ್ರವಾರವನ್ನೇ ಆರಿಸಿಕೊಂಡು ಬಾಡಿಗೆ ಕಾರಿನಲ್ಲಿ ಬಂದಿಳಿದರು. ಅದೇ ಆಗ ಬಾಣಂತಿಯ ಸ್ನಾನ ಮುಗಿದು ಧೂಪದ ಹೊತ್ತಾಗಿತ್ತು. ಮರುಳಸಿದ್ದಪ್ಪನವರು ದಿಕ್ಕು ತೋಚದೆ, ಒಡೆದ ಒಲೆಯಿಂದ ಉಳಿದಿದ್ದ ಹಿಡಿ ಇದ್ದಿಲನ್ನು ಅಗ್ಗಿಷ್ಟಿಕೆಗೆ ಸುರಿದು ಸೀಮೆಎಣ್ಣೆ ಹೊಯ್ದು ಕಡ್ಡಿ ಗೀರಿದರು. ಕರಿ ಹೊಗೆ ಎದ್ದಿತು. ಅದರ ಮೇಲೇ ಸಾಂಬ್ರಾಣಿ ಉದುರಿಸಿದರು. ಮಗು ಉಸಿರು ಸಿಕ್ಕಿಕೊಂಡಂತೆ ಕೆಮ್ಮಿ, ಕೆಂಪಗಾಗಿ, ಕಿಟಾರನೆ ಕಿರುಚಿಕೊಂಡಿತು. ಬೀಗಿತಿ ಓಡಿಬಂದು ಕೂಸನ್ನು ಕಿತ್ತುಕೊಂಡು ಅಂಗಳಕ್ಕೆ ನಡೆದರು.

"ಕೆಂಡ ಇಲ್ವೇನ್ರೀ ಬಾಣಂತಿ ಮನ್ಯಾಗೆ? ಹಂಡೆ ಒಲೆ ಏನಾತು?" ಎನ್ನುತ್ತ ಅವರೇ ಬಚ್ಚಲಿಗೆ ಹೋಗಿ ನೋಡಿದರು. ಗೋಡೆಯ ಮೇಲೆ ಬಿಳಿ ಬಾಯ್ಲರು ಥಳಥಳಿಸುತ್ತಿತ್ತು. ಬೀಗಿತಿ ಹಣೆ ಚಚ್ಚಿಕೊಂಡರು.

"ಅಯ್ಯೋ ಕರ್ಮವೇ! ಇಲ್ಲೂ ನಮ್ಮ ಮನೆ ಥರಾನೇ ಮಾಡಿಟ್ಟೀರಲ್ರೀ ಬೀಗರೆ!"

ಮರುಳಸಿದ್ದಪ್ಪನವರು ಅಷ್ಟು ದಿನ ಕಾದಿದ್ದ ಮಾತು ಕಿವಿಗೆ ಬಿತ್ತು.

"ಎರಡನೇ ಬಾಣಂತನ ನಾವೇ ಮಾಡೋದು ನ್ಯಾಯ. ನಮ್ಮನೆ ಬಚ್ಚಲಾಗೆ ಈ ಹಾಳು ಡಬ್ಬ ಐತೆ, ಕೆಂಡಕ್ಕೆ ಗತಿ ಇಲ್ಲ. ಹೊಸದುರ್ಗದಾಗೆ ಹಂಡೆ ಐತೆ ಅಂತ ನಂಬ್ಕಂಡು ಕಳ್ಸಿದ್ವಿ. ನೀವು ನೋಡಿದ್ರೆ..."

"ಸೋಮವಾರ ಹೋಗಿ ಹೊಸ ಹಂಡೆ ತರ್ತೀನಿ," ಎಂದರು ಮರುಳಸಿದ್ದಪ್ಪನವರು. "ಒಲೇನೂ ಹಾಕಿಸ್ತೀನಿ. ಮಗೂನ ಕರ್ಕಂಡು ಹೋಗಬ್ಯಾಡ್ರಿ."

"ಒಲೆ ಒಣಗೋತಂಕ ಕೂಸಿನ ಮೂಗು ಕಾಯ್ತತೇನ್ರೀ? ಹೊಳಲ್ಕೆರೇಲಿ ನನ್ನ ತಂಗಿ ಮನ್ಯಾಗೆ ಹಂಡೆ ಐತೆ, ಬೆಂಕಿ ಐತೆ. ಕೊಟ್ರಮ್ಮ, ನೀವೂ ಏಳ್ರಿ. ತಾಯಿ ಕೈಯ ನೀರೇ ಆಗ್ಬೇಕು. ಹೋಗಾಣ."

ಹಾಲಮ್ಮ ಕಿವಿಗೆ ಬಟ್ಟೆ ಕಟ್ಟಿಕೊಂಡು, ಮೊದಲ ಮಗನ ಕೈಹಿಡಿದು ಕಾರು ಹತ್ತಿದಳು. ಮಗು ಬೀಗಿತಿಯ ತೊಡೆ ಸೇರಿತು. ಮರುಳಸಿದ್ದಪ್ಪನವರು ಕಿಟಕಿಯಿಂದ ಕೈ ತೂರಿಸಿ ಹೆಬ್ಬೆರಳು ಕೊಟ್ಟರು. ಕೂಸು ನಿದ್ದೆಗೆ ಜಾರಿತ್ತು, ಹಿಡಿಯಲಿಲ್ಲ.

ಕೊಟ್ರಮ್ಮ ಸೀರೆಯ ಗಂಟನ್ನು ಬಗಲಲ್ಲಿಟ್ಟುಕೊಂಡು ಕೊನೆಗೆ ಬಂದಳು. ಕಾರಿನ ಬಾಗಿಲು ಹಾಕಿಕೊಳ್ಳುವ ಮುಂಚೆ ಗಂಡನ ಮುಖ ನೋಡಿ, ಸಿಟ್ಟೂ ಕನಿಕರವೂ ಒಟ್ಟಿಗೇ ಬಂದು, ಎಂದಿನಂತೆ ಹೇಳಿದಳು:

"ನೀರು ಕಾದೈತೆ. ಸ್ನಾನ ಮಾಡ್ಕಳ್ರಿ."