ಓದಿ ಹೇಳಿದ ಕಾಗದ

ಆ ಮನುಷ್ಯನ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎನ್ನುವವರು ಈ ಪುಟ ಓದುವುದು ಬೇಡ.

ಪುತ್ತಿಗೆಯಲ್ಲಿ ನಾವು ಅವನ ತಂದೆಯ ಗದ್ದೆಯನ್ನು ಚಾಲಗೇಣಿಗೆ ಮಾಡುತ್ತಿದ್ದೆವು. ವರ್ಷಕ್ಕೊಮ್ಮೆ ಹೊಸ ಚೀಟಿಗೆ ಹೆಬ್ಬೆಟ್ಟು ಒತ್ತಿದರೆ ಇನ್ನೊಂದು ವರ್ಷ ಗದ್ದೆ ನಮ್ಮ ಕೈಯಲ್ಲಿ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಒತ್ತುತ್ತಿದ್ದಳು. ಚೀಟಿಯಲ್ಲಿ ಏನಿದೆ ಎಂದು ಕೇಳುವ ಕ್ರಮ ಇರಲಿಲ್ಲ. ಕೇಳಿದರೆ ಧಣಿಯನ್ನು ಕಳ್ಳ ಎಂದಂತೆ.

ಧಣಿಯ ಮಗನಾದ ಅವನು ಮದರಾಸಿನಲ್ಲಿ ವಕೀಲಿಕೆ ಓದಿ ಮಾರ್ಕ್ಸ್‌ವಾದಿಯಾಗಿ ಬಂದ. ಭಾನುವಾರ ಮೂಡಬಿದಿರೆಯ ಒಂದು ಅಂಗಡಿಯ ಮಾಳಿಗೆಯಲ್ಲಿ ಭಾಷಣ ಮಾಡುತ್ತಿದ್ದ. ನಾನಾಗ ಎಲಿಮೆಂಟರಿ ಶಾಲೆಯ ಟೀಚರು, ಅಕ್ಷರ ದುಂಡಗಿತ್ತು. ಅವನ ಭಾಷಣಗಳ ಶುದ್ಧಪ್ರತಿ ಮಾಡುವುದು ನನ್ನ ಪಾಲಿಗೆ ಬಂತು. ಬಿಟ್ಟಿ ಕೆಲಸ. ಬರೆಯುತ್ತಿದ್ದುದು ಶೋಷಣೆಯ ಬಗ್ಗೆಯಾದ್ದರಿಂದ ನನಗದು ಹೊಳೆಯಲೇ ಇಲ್ಲ.

ದೇಶದೇಶಗಳ ನಡುವಿನ ಕಾನೂನು ಹುಟ್ಟಿದ್ದು ನ್ಯಾಯಕ್ಕಾಗಿ ಅಲ್ಲ, ವ್ಯಾಪಾರಕ್ಕಾಗಿ ಎಂದು ಅವನ ವಾದ. ಹಡಗಿನಲ್ಲಿ ಬಂದ ಕಂಪನಿಯವರೂ ಓದು ಬಾರದ ಆಫ್ರಿಕಾದ ಅರಸನೂ ಕಾಗದದ ಮೇಲೆ ಸಮಾನರು. ಅರಸ ಗೀಟು ಎಳೆದರೆ ಸಾಕು, ನಾಡನ್ನು ಸ್ವಂತ ಇಚ್ಛೆಯಿಂದ ಕೊಟ್ಟ ಹಾಗೆ. ಬಂಡವಾಳಕ್ಕೆ ಕೋವಿಗಿಂತ ಒಪ್ಪಂದ ಹೆಚ್ಚು ಬೇಕು ಎಂದು ಅವನು ಮೇಜು ಗುದ್ದುತ್ತಿದ್ದ. ಭಾಷಣ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ.

ಅರುವತ್ತರ ದಶಕದಲ್ಲಿ, ಉಳುವವನಿಗೇ ಭೂಮಿ ಕೊಡುವ ಕಾನೂನು ಬರುತ್ತದೆಂಬ ಸುದ್ದಿ ಹಬ್ಬಿತು. ಆ ವರ್ಷ ಅಮ್ಮನನ್ನು ಹೆಬ್ಬೆಟ್ಟು ಒತ್ತಲು ಎರಡು ತಿಂಗಳು ಮೊದಲೇ ಕರೆಸಿದರು. ರಜೆಯಿದ್ದುದರಿಂದ ನಾನೂ ಹೋದೆ. ದೊಡ್ಡ ಧಣಿ ಚಾವಡಿಯಲ್ಲಿ ಕೂತಿದ್ದರು, ನಾವು ಅಂಗಳದಲ್ಲಿ ನಿಂತಿದ್ದೆವು. ಮಗ ಕಾಗದ, ಮಸಿ ಹಿಡಿದು ಇಳಿದು ಬಂದ. ಅಕ್ಷರ ಅವನದೇ ಎಂದು ದೂರದಿಂದಲೇ ಗೊತ್ತಾಯಿತು. ನಾನು ಕ್ರಮ ಮೀರಿ ಕೈಚಾಚಿ ತೆಗೆದುಕೊಂಡೆ.

ಅದು ಗೇಣಿಚೀಟಿಯಾಗಿರಲಿಲ್ಲ. ಗದ್ದೆಯನ್ನೂ ನಾವಿದ್ದ ಮನೆಯನ್ನೂ ಸ್ವಂತ ಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ ಬಿಟ್ಟುಕೊಟ್ಟಿದ್ದೇನೆ ಎಂದು ಅಮ್ಮನೇ ಹೇಳಿದ ಹಾಗೆ ಬರೆದಿತ್ತು. ನಾನು ಅದನ್ನು ಗಟ್ಟಿಯಾಗಿ ಓದಿ, ಅಮ್ಮನಿಗೆ ತುಳುವಿನಲ್ಲಿ ಬಿಡಿಸಿ ಹೇಳಿದೆ. ಈಗ ಅವನು ನಾಚಿಕೊಳ್ಳುತ್ತಾನೆ ಎಂದುಕೊಂಡಿದ್ದೆ. ಎಂಥ ಪೆದ್ದಿ ನಾನು!

ದೊಡ್ಡ ಧಣಿ ಎಲೆಯಡಿಕೆ ಉಗುಳಿ ಬಂದು, ಒತ್ತದಿದ್ದರೆ ನಾಳೆಯೇ ಮನೆ ಖಾಲಿ ಮಾಡಬೇಕು, ಒತ್ತಿದರೆ ಮಳೆಗಾಲ ಮುಗಿಯುವವರೆಗೆ ಇರಬಹುದು ಎಂದರು. ಅಮ್ಮ ನನ್ನ ಮುಖ ನೋಡಲಿಲ್ಲ. ಹೆಬ್ಬೆರಳನ್ನು ಮಸಿಗೆ ಅದ್ದಿ ಒತ್ತಿದಳು.

ಮಗ ಅಲ್ಲೇ ಕೂತು, ಹೆಬ್ಬೆಟ್ಟಿನ ಮೇಲ್ಗಡೆ ಖಾಲಿ ಉಳಿದ ಜಾಗದಲ್ಲಿ ಇನ್ನೊಂದು ಸಾಲು ಸೇರಿಸಿದ: ಮಗಳು ಓದಿ ಹೇಳಿದ್ದನ್ನು ಕೇಳಿ, ಅರ್ಥಮಾಡಿಕೊಂಡು ಒಪ್ಪಿದ್ದೇನೆ. ಆಮೇಲೆ ಪೆನ್ನನ್ನು ನನ್ನ ಕಡೆ ಚಾಚಿದ.

"ಟೀಚರ್ರೇ, ಓದಿದ್ದು ನೀವೇ ಅಲ್ವ? ಸಾಕ್ಷಿ ಹಾಕಿ."

ನಾನು ಹಾಕಲಿಲ್ಲ. ಹಾಕದಿದ್ದರೂ ಏನೂ ಕಡಿಮೆಯಾಗಲಿಲ್ಲ. ಚಾವಡಿಯಲ್ಲಿ ಸಾಕ್ಷಿಗಳಿಗೆ ಬರಗಾಲವೇ?

ದಾರಿಯುದ್ದಕ್ಕೂ ನಾನು ಅವನನ್ನು ಬಾಯಿಗೆ ಬಂದಂತೆ ಬೈದೆ. ಕೋರ್ಟಿಗೆ ಹೋಗುವ, ಮೋಸ ಮಾಡಿದರೆಂದು ಹೇಳುವ ಎಂದೆ. ಅಮ್ಮ ಗದ್ದೆಯಂಚಿನ ಕಟ್ಟಪುಣಿಯ ಮೇಲೆ ನಿಂತು ಬೆರಳನ್ನು ಸೆರಗಿಗೆ ಒರಸಿಕೊಂಡಳು.

"ಯಾವ ಮೋಸ ಮಗಾ? ಗೊತ್ತಿಲ್ಲದೆ ಒತ್ತಿದ್ರೆ ಹಾಗೆ ಹೇಳ್ಬಹುದಿತ್ತು. ನೀನು ಓದಿ ಹೇಳಿದಿಯಲ್ಲ."