ಮುಂದಿನ ತಿಂಗಳವರೆಗೆ ಒಂದು ಪಿಯಾನೋ

ಲಿಂಡ್ಲಿ ಮೋಟ್ ಆ ಪಿಯಾನೋವನ್ನು ಹುಲ್ಲಿನ ಗಾಡಿಯಲ್ಲಿ ಹೇರಿಕೊಂಡು ಬಂದು ಅಡುಗೆಮನೆಯಲ್ಲಿ ನಿಲ್ಲಿಸಿದ ದಿನ ಅವನ ಹೆಂಡತಿ ಬ್ಯೂಲಾ ಕೇಳಿದ್ದು ಒಂದೇ ಪ್ರಶ್ನೆ: ಇದು ಇಲ್ಲಿ ಎಷ್ಟು ದಿನ? ಮುಂದಿನ ತಿಂಗಳವರೆಗೆ ಎಂದ ಲಿಂಡ್ಲಿ. ಆಗ ಅವರ ಹಿರಿಯ ಮಗಳು ತೊಟ್ಟಿಲಲ್ಲಿದ್ದಳು. ಆ ಮಗಳು ಅಜ್ಜಿಯಾದ ಮೇಲೂ ಪಿಯಾನೋ ಅಲ್ಲೇ ಇತ್ತು.

ಅಡುಗೆಮನೆಯೇ ಯಾಕೆ ಅಂದರೆ, ಆ ಭಾರ ತಾಳುವ ನೆಲ ಇದ್ದದ್ದು ಅಲ್ಲಿ ಮಾತ್ರ. ಭಾರ ತಾಳುವ ಹೆಂಗಸು ಇದ್ದದ್ದೂ ಅಲ್ಲೇ. ಪಿಯಾನೋ ಬಂದ ಮೇಲೆ ಉಗ್ರಾಣದ ಬಾಗಿಲು ಅರ್ಧಕ್ಕಿಂತ ಹೆಚ್ಚು ತೆರೆಯುತ್ತಿರಲಿಲ್ಲ. ಬ್ಯೂಲಾ ಹಿಟ್ಟಿಗೂ ಉಪ್ಪಿಗೂ ಏಡಿಯ ಹಾಗೆ ಅಡ್ಡಡ್ಡ ನುಗ್ಗಿದಳು. ಐದು ಬಸಿರಿನಲ್ಲಿ ಹಾಗೂ ನುಗ್ಗಲಾಗದೆ, ಹಿಟ್ಟು ತಂದುಕೊಡು ಎಂದು ಗಂಡನನ್ನು ಹೊಲದಿಂದ ಕೂಗಿ ಕರೆದಳು.

ಲಿಂಡ್ಲಿ ಹುಟ್ಟಿದ್ದು ಅಮೆರಿಕದ ಅಯೋವಾದ ಜೋಳದ ಹೊಲಗಳ ನಡುವೆ, ಕ್ವೇಕರರೆಂಬ ಕ್ರೈಸ್ತ ಪಂಗಡದವರ ಮನೆಯಲ್ಲಿ. ಅಲ್ಲಿನ ಪ್ರಾರ್ಥನಾ ಮಂದಿರದಲ್ಲಿ ಪಾದ್ರಿಯಿಲ್ಲ, ಗಂಟೆಯಿಲ್ಲ, ಹಾಡಿಲ್ಲ. ಎಲ್ಲರೂ ಬೆಂಚಿನ ಮೇಲೆ ಸುಮ್ಮನೆ ಕೂರುತ್ತಾರೆ. ಒಳಗಿನಿಂದ ಮಾತು ಬಂದವರು ಎದ್ದು ಆಡುತ್ತಾರೆ, ಬರದಿದ್ದರೆ ಸುಮ್ಮನೆ ಮನೆಗೆ ಹೋಗುತ್ತಾರೆ. ದೇವರ ಮುಂದೆ ಎಲ್ಲರೂ ಒಂದೇ ಆದ್ದರಿಂದ ನ್ಯಾಯಾಧೀಶನೂ 'ನೀನು', ಹಂದಿ ಮೇಯಿಸುವವನೂ 'ನೀನು'. ಹುಡುಗನಾಗಿದ್ದಾಗ ಲಿಂಡ್ಲಿ ಹಾಲು ಕರೆಯುತ್ತ ಒಮ್ಮೆ ಶಿಳ್ಳೆ ಹಾಕಿದ. ಅಪ್ಪ ಬೈಯಲಿಲ್ಲ. ಪಕ್ಕದ ಮುಕ್ಕಾಲಿಯ ಮೇಲೆ ಬಂದು ಕೂತು, ಹಸುವಿನ ಕೆಚ್ಚಲು ಬರಿದಾಗುವವರೆಗೂ ಸುಮ್ಮನಿದ್ದ. ಎರಡೇಟು ಬಿದ್ದಿದ್ದರೆ ವಾಸಿಯಿತ್ತು ಎಂದು ಲಿಂಡ್ಲಿ ಮುದುಕನಾದ ಮೇಲೂ ಹೇಳುತ್ತಿದ್ದ.

ಎರಡನೇ ಮಹಾಯುದ್ಧ ಬಂದಾಗ ಅವನು ಬಂದೂಕು ಮುಟ್ಟುವುದಿಲ್ಲ ಎಂದ. ಸರ್ಕಾರ ಅವನನ್ನು ಪಶ್ಚಿಮದ ಕಾಡುಗಳಿಗೆ ಬೆಂಕಿ ಆರಿಸಲು ಕಳಿಸಿತು. ಶಿಬಿರದಲ್ಲಿ ಅವನಂತೆಯೇ ಬಂದೂಕು ಒಲ್ಲೆನೆಂದ ಮೆನೊನೈಟ್ ಪಂಗಡದ ಹುಡುಗರಿದ್ದರು. ಪಾತ್ರೆ ತೊಳೆಯುವಾಗಲೂ ನಾಲ್ಕು ದನಿಗಳಲ್ಲಿ ಹಾಡುವ ಜನ. ಬೆಂಕಿ ಆರಿಸಲು ಹೋದವನು ತಾನೇ ಹೊತ್ತಿಕೊಂಡು ಬಂದ. ಬಂದವನೇ ಮೆಥಡಿಸ್ಟ್ ಚರ್ಚಿನ ಹಾಡುಗಾರರ ಸಾಲಿನಲ್ಲಿದ್ದ ಬ್ಯೂಲಾಳನ್ನು ಮದುವೆಯಾದ. ಮೆಥಡಿಸ್ಟರಲ್ಲಿ ಏನೇ ತೀರ್ಮಾನವಾಗಬೇಕಾದರೂ ಕೈ ಎತ್ತಿ, ತಲೆ ಎಣಿಸಿ, ಆಪಲ್ ಪೈ ತಣ್ಣಗಾಗುವ ಮೊದಲೇ ಮುಗಿಸುತ್ತಿದ್ದರು. ತಾನು ಎಂಥ ಜನರ ಮಧ್ಯೆ ಬಂದುಬಿದ್ದೆ ಎಂಬುದು ಅವಳಿಗೆ ಪಿಯಾನೋ ಬಂದ ಮೇಲೆ ತಿಳಿಯಿತು.

ಕ್ವೇಕರರಲ್ಲಿ ಮತ ಹಾಕುವುದಿಲ್ಲ. ತಿಂಗಳ ಸಭೆಯಲ್ಲಿ ಎಲ್ಲರ ಮನಸ್ಸೂ ಒಂದಾದರೆ ಮಾತ್ರ ಸಭೆಯ ಕ್ಲರ್ಕ್ ಅದನ್ನು ಬರೆದುಕೊಳ್ಳುತ್ತಾನೆ. ಒಬ್ಬರ ಮನಸ್ಸು ಒಪ್ಪದಿದ್ದರೂ ವಿಷಯ ಮುಂದಕ್ಕೆ. ರಾಗ ಎಳೆಯದ ಜನ ತೀರ್ಮಾನ ಎಳೆಯುವುದರಲ್ಲಿ ಉಸ್ತಾದರು. ತಾಳ ಗೊತ್ತಿಲ್ಲದಿದ್ದರೂ ತಾಳ್ಮೆಗೆ ಬರವಿರಲಿಲ್ಲ. ಮುಚ್ಚಿಹೋದ ಹಳ್ಳಿ ಶಾಲೆಯ ಪಿಯಾನೋವನ್ನು ಮಂದಿರದಲ್ಲಿ ಹಿಂದೆ ಹೆಂಗಸರು ಬೇರೆಯಾಗಿ ಕೂರುತ್ತಿದ್ದ, ಈಗ ಖಾಲಿ ಬಿದ್ದ ಭಾಗದಲ್ಲಿ ಇಡೋಣ, ಪ್ರಾರ್ಥನೆ ಮುಗಿದ ಮೇಲೆ ಬೇಕಾದವರು ಹಾಡಲಿ ಎಂದು ಲಿಂಡ್ಲಿ ಕೇಳಿದ. ಎಲ್ಲರೂ ತಲೆದೂಗಿದರು. ಆಗ ಅವನ ದೊಡ್ಡಪ್ಪನ ಮಗಳು ಹಲ್ಡಾ ಎದ್ದು, ನನ್ನ ಮನಸ್ಸು ಒಪ್ಪುತ್ತಿಲ್ಲ ಎಂದು ಕೂತಳು. ಸ್ವರವೇ ಇಲ್ಲದ ಮನೆಯಲ್ಲಿ ಅದೊಂದು ಅಪಸ್ವರ ಮಾತ್ರ ಖಾಯಂ ಆಯಿತು. ಪ್ರತಿ ವರ್ಷ ಬಿತ್ತನೆ ಮುಗಿದ ಮೇಲೆ ಲಿಂಡ್ಲಿ ಕೇಳುತ್ತಿದ್ದ, ಪ್ರತಿ ವರ್ಷ ಹಲ್ಡಾ ಏಳುತ್ತಿದ್ದಳು.

ಬ್ಯೂಲಾಳ ಪಿತ್ತ ಕೆರಳಿಸುತ್ತಿದ್ದದ್ದು ಅದೂ ಅಲ್ಲ. ಮದುವೆಯಾಗದೆ ಪಕ್ಕದ ಹೊಲದಲ್ಲಿ ಒಂಟಿಯಾಗಿದ್ದ ಅದೇ ಹಲ್ಡಾಳ ಸೌದೆ ಸೀಳುತ್ತಿದ್ದವನು ಲಿಂಡ್ಲಿ, ಅವಳ ಕೈತೋಟ ಉಳುತ್ತಿದ್ದವನು ಲಿಂಡ್ಲಿ, ಪ್ರತಿ ಭಾನುವಾರ ಅವಳನ್ನು ಕಾರಿನಲ್ಲಿ ಮಂದಿರಕ್ಕೆ ಕರೆದೊಯ್ಯುತ್ತಿದ್ದವನೂ ಲಿಂಡ್ಲಿಯೇ. ಅಂದರೆ 'ಒಪ್ಪಲ್ಲ' ಅನ್ನುವವಳನ್ನು ಹೊತ್ತೊಯ್ದು ಅಲ್ಲಿ ಕೂರಿಸುತ್ತಿದ್ದವನು ಇವನೇ. ಅವಳ ಮನಸ್ಸು ಅವಳದು ಎನ್ನುತ್ತಿದ್ದ. ನನ್ನ ಉಗ್ರಾಣ ಯಾರದು ಎನ್ನುತ್ತಿದ್ದಳು ಬ್ಯೂಲಾ.

ಊರಿಗೆಲ್ಲ ಹೀಗೇ ಅವನು. ಕಾಲು ಮುರಿದುಕೊಂಡ ನೆರೆಯವನ ಕೊಯ್ಲು ಮುಗಿದ ಮೇಲೆಯೇ ತನ್ನದಕ್ಕೆ ಕೈ ಹಾಕುತ್ತಿದ್ದ. ಯುದ್ಧದಲ್ಲಿ ಊರು ಕಳೆದುಕೊಂಡು ಬಂದ ಲಾಟ್ವಿಯಾದ ಸಂಸಾರವೊಂದಕ್ಕೆ ಮಹಡಿ ಬಿಟ್ಟುಕೊಟ್ಟ. ಗುರುವಾರ ಸಂಜೆ ಅವನ ಕೊಟ್ಟಿಗೆಯಲ್ಲಿ ಮೆಥಡಿಸ್ಟರು, ಕ್ಯಾಥೊಲಿಕರು, ಲೂಥರನ್ನರು ಹುಲ್ಲಿನ ಹೊರೆಗಳ ಮೇಲೆ ಕೂತು ಹಾಡುತ್ತಿದ್ದರು. ಹಾಡಿನಿಂದ ಹಸುಗಳು ಹೆಚ್ಚು ಹಾಲು ಕೊಡುತ್ತವೆ ಎಂದು ಎಲ್ಲರಿಗೂ ಹೇಳುತ್ತಿದ್ದ. ಕೋಳಿಗಳು ಮೊಟ್ಟೆ ನಿಲ್ಲಿಸಿದ್ದನ್ನು ಬ್ಯೂಲಾ ಹೇಳಬೇಕಾಗುತ್ತಿತ್ತು. ಆದರೆ ಅವನ ಆಸೆ ಒಂದೇ: ಶಿಳ್ಳೆಗೂ ಜಾಗವಿಲ್ಲದ ಆ ಮಂದಿರದಲ್ಲಿ, ತನ್ನ ಜನರ ನಡುವೆ ಕೂತು, ತನ್ನ ಬೆರಳು ಬಗ್ಗುತ್ತಿರುವಾಗಲೇ ಒಮ್ಮೆ ನುಡಿಸಬೇಕು. ಬೆರಳುಗಳೋ ವರ್ಷ ವರ್ಷ ಗಂಟಾಗುತ್ತಿದ್ದವು. ಗಂಡನ ಮೇಲೆ ಎಷ್ಟೇ ಸಿಟ್ಟಿದ್ದರೂ ಅದನ್ನು ನೋಡಿ ಬ್ಯೂಲಾಳಿಗೆ ಸಂಕಟವಾಗುತ್ತಿತ್ತು. ಸಂಕಟವಾದಷ್ಟೂ ಸಿಟ್ಟು ಹೆಚ್ಚುತ್ತಿತ್ತು.

ಕೊನೆಗೊಂದು ವರ್ಷ ಹಲ್ಡಾ ಪಿಯಾನೋ ಮಾತು ಬರುವ ದಿನದ ಸಭೆಗೆ ಬರಲಿಲ್ಲ. ಬರಲ್ಲ ಎಂದಷ್ಟೇ ಲಿಂಡ್ಲಿಗೆ ಫೋನಿನಲ್ಲಿ ಹೇಳಿದ್ದಳು. ಕ್ಲರ್ಕ್ ಡೆಲ್ಬರ್ಟ್ ಬೆಂಚುಗಳನ್ನೆಲ್ಲ ಒಮ್ಮೆ ನೋಡಿದ. ಯಾರೂ ಏಳಲಿಲ್ಲ. ಎಲ್ಲರ ಮನಸ್ಸೂ ಒಂದಾಗಿದೆ ಎಂದು ಬರೆಯಲು ಪೆನ್ನಿನ ಮುಚ್ಚಳ ತೆಗೆದ. ಬ್ಯೂಲಾ ಮನಸ್ಸಿನಲ್ಲಿಯೇ ಉಗ್ರಾಣದ ಬಾಗಿಲನ್ನು ಪೂರ್ತಿ ತೆರೆದಳು. ಆಗ ಬೆಂಚಿನ ಕೊನೆಯಲ್ಲಿ ಮೊಣಕಾಲು ಲಟಕ್ಕೆಂದ ಸದ್ದು. ಎದ್ದವನು ಲಿಂಡ್ಲಿ.

"ನನ್ನ ಮನಸ್ಸು ಒಪ್ತಾ ಇಲ್ಲ," ಅಂದ. "ಹಲ್ಡಾ ಇಲ್ಲಿಲ್ಲ."

ಮನೆಗೆ ಬರುವವರೆಗೂ ಬ್ಯೂಲಾ ತುಟಿ ಬಿಚ್ಚಲಿಲ್ಲ. ಇಷ್ಟು ವರ್ಷ ಈ ಜನರ ಜೊತೆ ಕೂತು ಕಲಿತ ಮೌನವನ್ನು ಅಂದು ಪೂರ್ತಿ ಬಳಸಿದಳು. ಸಂಜೆ, ಹಲ್ಡಾಳಿಗೆ ಕಾಯಿಲೆಯಿರಬೇಕು ಎಂದುಕೊಂಡು, ಸೂಪಿನ ಪಾತ್ರೆ ಹಿಡಿದು ಇಬ್ಬರೂ ನೋಡಲು ಹೋದರು. ಹಲ್ಡಾ ಜಗಲಿಯಲ್ಲಿ ಗುಂಡುಕಲ್ಲಿನ ಹಾಗೆ ಕೂತು ಬಟಾಣಿ ಸುಲಿಯುತ್ತಿದ್ದಳು.

"ಆಯ್ತಾ ನಿನ್ನ ಪಿಯಾನೋ?" ಎಂದು ಅವಳೇ ಕೇಳಿದಳು.

"ಇಲ್ಲ. ನೀನಿರಲಿಲ್ವಲ್ಲ, ನಾನೇ ತಡೆದೆ."

ಹಲ್ಡಾ ಬುಟ್ಟಿ ಕೆಳಗಿಟ್ಟಳು. "ಲಿಂಡ್ಲಿ, ನೀನು ಕೂಸಾಗಿದ್ದಾಗ ಒಂದು ಸಲ ಕೈ ಜಾರಿ ನಿನ್ನ ಕೆಳಗೆ ಹಾಕಿದ್ದೆ. ಅದರ ಫಲ ಈಗ ಕಾಣ್ತಿದೆ. ನಾನು ಮನೇಲಿ ಯಾಕೆ ಕೂತೆ ಅಂದ್ಕೊಂಡೆ? ಹ್ಞೂಂ ಅನ್ನೋಕೆ ನನ್ನ ಮನಸ್ಸು ಬಿಡಲ್ಲ. ಅಲ್ಲಿ ಕೂತು ಸುಮ್ಮನಿದ್ರೆ ಸುಳ್ಳಾಗುತ್ತೆ. ನಾನಿಲ್ಲದಾಗ ಮುಗಿಸ್ಕೊಳ್ಳಲಿ ಅಂತ ಕೂತೆ."

ಲಿಂಡ್ಲಿ ಟೋಪಿ ತೆಗೆದು ಅದರ ಒಳಗೆ ಏನೋ ಬಿದ್ದಿದೆಯೇನೋ ಎಂಬಂತೆ ನೋಡತೊಡಗಿದ. ಬ್ಯೂಲಾಳ ಮೌನದ ದಾಸ್ತಾನು ಅಲ್ಲಿಗೆ ಮುಗಿಯಿತು.

"ನೀವಿಬ್ರೂ ನೀ ಮೊದ್ಲು ಹೋಗು, ನೀ ಮೊದ್ಲು ಹೋಗು ಅಂತ ಬಾಗಿಲು ಹಿಡ್ಕೊಂಡು ನಿಂತಿದ್ದೀರಿ. ನನ್ನ ಉಗ್ರಾಣದ ಬಾಗಿಲು ಮಾತ್ರ ತೆರೆಯಂಗಿಲ್ಲ. ಹಾಡು ಕಂಡ್ರೆ ನಿನಗೆ ಯಾಕಾಗಲ್ಲ, ಹಲ್ಡಾ?"

"ಆಗಲ್ಲ ಅಂತ ಯಾರಂದ್ರು?" ಹಲ್ಡಾಳಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. "ಹಾಡು ಕಿವಿಗೆ ಬಿದ್ರೆ ನಾನು ಅದರ ಹಿಂದೇನೇ ಹೋಗ್ಬಿಡ್ತೀನಿ. ಎಲ್ಲಿ ಕೂತಿದ್ದೀನಿ, ಯಾರ ಮುಂದೆ ಕೂತಿದ್ದೀನಿ ಅನ್ನೋದೇ ಮರ್ತು ಹೋಗುತ್ತೆ. ಆ ಬೆಂಚಿನ ಮೇಲೆ ಹಂಗಾಗಬಾರದು."

ಇಷ್ಟು ವರ್ಷ ಯಾರೂ ಇದನ್ನು ಕೇಳಿರಲಿಲ್ಲ. ಇನ್ನೊಬ್ಬರ ಅಂತಃಕರಣಕ್ಕೆ ಕೈ ಹಾಕಬಾರದು ಎಂಬ ಮರ್ಯಾದೆ. ಮೆಥಡಿಸ್ಟರಲ್ಲಿ ಆ ಮರ್ಯಾದೆ ಇಲ್ಲದಿದ್ದದ್ದು ಒಳ್ಳೆಯದಾಯಿತು ಎಂದುಕೊಂಡ ಬ್ಯೂಲಾ ಅಲ್ಲೇ ತೀರ್ಮಾನ ಕೊಟ್ಟಳು: ಹಾಡು ಶುರುವಾಗುವ ಮೊದಲು ಹಲ್ಡಾಳನ್ನು ಕರೆದುಕೊಂಡು ತಾನು ಹೊರಗೆ ಕಾರಿನಲ್ಲಿ ಕೂರುವುದು, ಆಗ ಬೆಂಚಿಗೂ ಮನಸ್ಸಿಗೂ ತೊಂದರೆಯಿಲ್ಲ.

ಮುಂದಿನ ತಿಂಗಳು ಹಲ್ಡಾ ಸಭೆಗೆ ಬಂದು ಎದ್ದು ನಿಂತಳು. ನನ್ನ ಮನಸ್ಸು ಈಗಲೂ ಒಪ್ಪುವುದಿಲ್ಲ, ಆದರೆ ನಿಮಗೆ ಅಡ್ಡ ನಿಲ್ಲುವುದಿಲ್ಲ ಎಂದಳು. ಡೆಲ್ಬರ್ಟ್ ಅವಳು ಆಡಿದಂತೆಯೇ ಬರೆದುಕೊಂಡ. ಕೊಯ್ಲಿನ ಗಡಿಬಿಡಿ ಮುಗಿದ ಮೇಲೆ ಆರು ಮಂದಿ ಬಂದು ಪಿಯಾನೋ ಹೊತ್ತೊಯ್ದರು. ಬ್ಯೂಲಾ ಉಗ್ರಾಣದ ಬಾಗಿಲನ್ನು ಗೋಡೆಗೆ ತಾಗುವವರೆಗೆ ತೆರೆದಳು. ಆಮೇಲೆ, ಹಾಳು ಅಭ್ಯಾಸ, ಅಡ್ಡಡ್ಡವೇ ಒಳಗೆ ಹೋದಳು.

ಮಂದಿರದಲ್ಲಿ ಪಿಯಾನೋ ಮೊದಲು ನುಡಿದ ಭಾನುವಾರ ಹಿಮ ಬಿದ್ದಿತ್ತು. ಲಿಂಡ್ಲಿಯ ಗಂಟು ಬೆರಳುಗಳು ಎರಡು ಕಡೆ ತಪ್ಪಿ, ಮತ್ತೆ ಮೊದಲಿಂದ ಶುರುಮಾಡಿದವು. ಒಳಗೆ ಎಲ್ಲರೂ ಸುತ್ತ ನಿಂತು ಹಾಡುತ್ತಿದ್ದರು. ಆ ಹಾಡುಗಳಿಗೆ ಅಡುಗೆಮನೆಯಲ್ಲಿ ಇಷ್ಟು ವರ್ಷ ಜಾಗ ಕೊಟ್ಟವಳು ಮಾತ್ರ ಅಂಗಳದಲ್ಲಿ, ಕಾರಿನಲ್ಲಿ, ಹಲ್ಡಾಳ ಪಕ್ಕ ಹಲ್ಲು ಕಟಕಟಿಸುತ್ತ ಕೂತಿದ್ದಳು. ಇದು ತಾನೇ ಮಾಡಿಕೊಂಡ ಏರ್ಪಾಡು ಎಂಬುದು ಅವಳನ್ನು ಇನ್ನಷ್ಟು ರೇಗಿಸಿತು. ಕಾಲು ಬೆಚ್ಚಗಾಗಲಿ ಎಂದು ಇಂಜಿನ್ ಶುರುಮಾಡಿದಳು.

"ಆರಿಸು ಅದನ್ನ," ಅಂದಳು ಹಲ್ಡಾ. "ಪೆಟ್ರೋಲ್ ದಂಡ."

ಬ್ಯೂಲಾ ಆರಿಸಿದಳು. ಹಿಮದ ಮೇಲಿಂದ ಹಾಡು ಸ್ಪಷ್ಟವಾಗಿ ಕೇಳಿಸತೊಡಗಿತು. ಹಲ್ಡಾ ಕಂಬಳಿಯ ಅರ್ಧವನ್ನು ಬ್ಯೂಲಾಳ ಮಡಿಲ ಮೇಲೆ ಎಳೆದು ಹಾಕಿ, ಮಂದಿರದ ಕಡೆಗೆ ಮುಖ ತಿರುಗಿಸಿ ಕೂತಳು.

"ಅವನು ಎಷ್ಟು ಹೊತ್ತು ಮಾಡ್ತಾನೋ ಏನೋ," ಅಂದಳು ಬ್ಯೂಲಾ.

"ಮಾತಾಡ್ಬೇಡ ಸ್ವಲ್ಪ," ಅಂದಳು ಹಲ್ಡಾ.